‘ಬರುತ್ತೆ’ ಅನ್ನುವ ಮಾತಿನ ಬೆಲೆ

(ಬೆಂಗಳೂರಿನ ಹೊರವಲಯದಲ್ಲಿ ಮೊದಲ ಮನೆ ಹುಡುಕುತ್ತಿರುವವರಿಗಾಗಿ, ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಗ್ಗೆ ತಿಂಡಿ ಮುಗಿಸಿ ಇಷ್ಟು ಜನ ಬಂದಿದ್ದೀರಿ, ಖುಷಿಯಾಯಿತು. ನಾನು 31 ವರ್ಷ ಬ್ಯಾಂಕಿನಲ್ಲಿದ್ದೆ. ಕೊನೆಯ 14 ವರ್ಷ ಗೃಹಸಾಲದ ವಿಭಾಗದಲ್ಲಿ ಕೆಲಸ ಮಾಡಿದೆ. ಸಾಲ ಮಂಜೂರಾದ ದಿನ ಜನರ ಮುಖ ಹೇಗಿರುತ್ತದೆ ಅಂತ ಗೊತ್ತು. ಐದು ವರ್ಷ ಕಳೆದ ಮೇಲೆ ಅದೇ ಜನ ಸುಸ್ತಾಗಿ ಬಂದು ‘ಮೇಡಂ, ಮಾರಿಬಿಡೋಣ ಅಂತ ಇದ್ದೀವಿ’ ಅಂದದ್ದನ್ನೂ ಕೇಳಿದ್ದೇನೆ. ಯಾಕೆ ಅಂತ ಕೇಳಿದರೆ ಮನೆಯ ಗೋಡೆ, ಬಾಗಿಲಿನ ಬಗ್ಗೆ ದೂರು ಹೇಳುವವರು ಕಡಿಮೆ. ನೀರು, ದಾರಿ, ಒಂಟಿತನ, ಮಳೆ. ಎಲ್ಲ ಏರಿಯಾದ ದೂರುಗಳೇ.

ಹೋದ ತಿಂಗಳು ನನ್ನ ತಂಗಿಯ ಮಗ, ಸೊಸೆ ಮನೆಗೆ ಬಂದಿದ್ದರು. ಕೈಯಲ್ಲಿ ಮೂರು ಬ್ರೋಷರ್. ಒಂದು ಸರ್ಜಾಪುರ ದಾಟಿ ಆಚೆ. ಇನ್ನೊಂದು ಕನಕಪುರ ರಸ್ತೆಯ ತಲಘಟ್ಟಪುರದ ಹತ್ತಿರ, ಕಟ್ಟಿ ಮೂರು ವರ್ಷವಾಗಿದೆ, ಕೆಲವು ಫ್ಲಾಟು ಇನ್ನೂ ಉಳಿದಿವೆ. ಮೂರನೆಯದು ದೇವನಹಳ್ಳಿ ಕಡೆ, ಇನ್ನೂ ಪಾಯದ ಹಂತ.

‘ದೊಡ್ಡಮ್ಮ, ಮಾರ್ಕೆಟ್ ಡಲ್ ಆಗಿದೆ. ಬಿಲ್ಡರ್ ಕಡೆಯವರೇ ಫೋನ್ ಮಾಡಿ ಕರೀತಿದ್ದಾರೆ. ಮಾಡ್ಯುಲರ್ ಕಿಚನ್ ಫ್ರೀ ಅಂತೆ. ರಿಜಿಸ್ಟ್ರೇಷನ್ ಖರ್ಚು ಅವರೇ ಹಾಕ್ಕೊಳ್ತಾರಂತೆ. ಯಾವುದು ತಗೊಳ್ಳೋಣ?’ ಅಂದ.

‘ಇವುಗಳಲ್ಲಿ ಯಾವುದಕ್ಕೆ ಮಳೆ ಬಂದ ದಿನ ಹೋಗಿದ್ದೀಯಪ್ಪ?’ ಅಂತ ಕೇಳಿದೆ. ಒಂದಕ್ಕೂ ಇಲ್ಲ. ರಾತ್ರಿ ಹೊತ್ತು? ಅದೂ ಇಲ್ಲ. ಮೂರು ಸಲವೂ ಶನಿವಾರ ಮಧ್ಯಾಹ್ನ, ಬಿಲ್ಡರ್ ಕಳಿಸಿದ ಕಾರಿನಲ್ಲಿ ಹೋಗಿ ಬಂದಿದ್ದರು. ಇವತ್ತಿನ ಈ ಮಾತು ಹುಟ್ಟಿದ್ದು ಅಲ್ಲಿ.

ಮಾರ್ಕೆಟ್ ಏರುವಾಗ ಯೋಚನೆ ಮಾಡಲು ಯಾರೂ ಪುರುಸೊತ್ತು ಕೊಡುವುದಿಲ್ಲ. ‘ಸೋಮವಾರದಿಂದ ಚದರಡಿಗೆ 200 ರೂಪಾಯಿ ಜಾಸ್ತಿ ಸರ್’ ಅನ್ನುತ್ತಾರೆ. ನೀವು ಗಾಬರಿಯಲ್ಲಿ ಚೆಕ್ ಬರೆಯುತ್ತೀರಿ. ಡಲ್ ಆದಾಗ ನಿಮಗೆ ಸಿಗುವ ದೊಡ್ಡ ಲಾಭ ಸಮಯ. ಒಂದು ಬೇಸಿಗೆ, ಒಂದು ಮಳೆಗಾಲ ನೋಡಿಕೊಂಡು ಬಂದರೂ ಆ ಫ್ಲಾಟು ಅಲ್ಲೇ ಇರುತ್ತದೆ. ಅಡುಗೆಮನೆ ಕಪಾಟನ್ನು ಆಮೇಲೆ ನೀವೇ ಮಾಡಿಸಿಕೊಳ್ಳಬಹುದು. ಜಾಗವನ್ನು ಆಮೇಲೆ ಸರಿ ಮಾಡಿಸಿಕೊಳ್ಳಲು ಆಗುವುದಿಲ್ಲ.

ಹೊರವಲಯದ ಯಾವ ಮನೆಯ ರೇಟನ್ನಾದರೂ ತೆಗೆದುಕೊಳ್ಳಿ. ಅದರಲ್ಲಿ ಒಂದು ಪಾಲು ‘ಬಂದಿದೆ’ ಅನ್ನುವುದಕ್ಕೆ. ಇನ್ನೊಂದು ಪಾಲು ‘ಬರುತ್ತೆ’ ಅನ್ನುವುದಕ್ಕೆ. ಬಸ್ಸು ಬಂದಿದೆ, ಮೆಟ್ರೊ ಬರುತ್ತೆ. ಬೋರ್‌ವೆಲ್ ಇದೆ, ಕಾವೇರಿ ಬರುತ್ತೆ. ಮಾರ್ಕೆಟ್ ಮೇಲೆ ಹೋಗುವಾಗ ಜನ ‘ಬರುತ್ತೆ’ಗೇ ಜಾಸ್ತಿ ದುಡ್ಡು ಕೊಡುತ್ತಾರೆ. ಕೆಳಗೆ ಇಳಿಯುವಾಗ ಮೊದಲು ಆವಿಯಾಗುವುದೂ ಆ ಪಾಲೇ. ನಾನು ಸಾಲದ ಕಡತಗಳಲ್ಲಿ ಮತ್ತೆ ಮತ್ತೆ ಕಂಡದ್ದು ಇದನ್ನೇ.

ನನ್ನ ಸ್ವಂತ ಅನುಭವವೂ ಇದೆ. 2008ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ಲೇಮನ್ ಬ್ರದರ್ಸ್ ಅನ್ನುವ ದೊಡ್ಡ ಬ್ಯಾಂಕು ಮುಳುಗಿತು. ಇಲ್ಲಿ ಐಟಿಯಲ್ಲಿ ಕೆಲಸಕ್ಕೆ ತೆಗೆದುಕೊಳ್ಳುವುದು ಕಡಿಮೆಯಾಯಿತು. 2009ರಲ್ಲಿ ನಾವು ಊರಾಚೆ ಒಂದು ಫ್ಲಾಟು ಕೊಂಡೆವು. ಚದರಡಿಗೆ 400 ರೂಪಾಯಿ ಬಿಟ್ಟುಕೊಟ್ಟಿದ್ದರು. ನಮ್ಮವರಿಗೂ ನನಗೂ ಭಾರಿ ಸಂತೋಷ. ‘ಎರಡು ವರ್ಷದಲ್ಲಿ ಕಾವೇರಿ ಬರುತ್ತೆ’ ಅಂದಿದ್ದರು. ನಾವಿದ್ದ ಅಷ್ಟೂ ವರ್ಷ ಬರಲಿಲ್ಲ. ಅದಕ್ಕಿಂತ ನೋವು ಕೊಟ್ಟದ್ದು ಬೇರೆ. ನಮ್ಮ ಅಂತಸ್ತಿನ 12 ಮನೆಗಳಲ್ಲಿ ನಾಲ್ಕರಲ್ಲಿ ಮಾತ್ರ ಜನ ಇದ್ದರು. ಉಳಿದವರು ಕೊಂಡು ಬೀಗ ಹಾಕಿದ್ದರು. ನಾವಿಬ್ಬರೂ ಕೆಲಸಕ್ಕೆ ಹೋದರೆ ನಮ್ಮ ಅತ್ತೆ ಇಡೀ ದಿನ ಒಬ್ಬರೇ. ‘ಯಾರಾದರೂ ಕುಕ್ಕರ್ ಕೂಗಿಸೋದಾದರೂ ಕೇಳಬಾರದಾ?’ ಅನ್ನುತ್ತಿದ್ದರು. ಆ ಮಾತು ಇನ್ನೂ ನನ್ನ ಕಿವಿಯಲ್ಲಿದೆ. 2016ರ ನವೆಂಬರ್‌ನಲ್ಲಿ ನೋಟು ರದ್ದಾಯಿತು. ಅದಾದ ಮೇಲೆ ಮಾರಲು ಹೊರಟೆವು. ಗಿರಾಕಿ ಸಿಗಲು 14 ತಿಂಗಳು ಬೇಕಾಯಿತು.

‘ಬರುತ್ತೆ’ ಅನ್ನುವುದು ಸುಳ್ಳೇ ಅಂತ ನಾನು ಹೇಳುತ್ತಿಲ್ಲ. ಬರುತ್ತದೆ. ಆದರೆ ಯಾವಾಗ? ಬೆಂಗಳೂರಿನದೇ ಲೆಕ್ಕ ನೋಡಿ. 110 ಹಳ್ಳಿಗಳು ಪಾಲಿಕೆಗೆ ಸೇರಿದ್ದು 2007ರಲ್ಲಿ. ಆ ಹಳ್ಳಿಗಳಿಗೆಂದೇ ಮಾಡಿದ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ರಂದು. ದಿನಕ್ಕೆ 77.5 ಕೋಟಿ ಲೀಟರ್ ನೀರಿನ ಯೋಜನೆ. ದೊಡ್ಡ ಕೆಲಸ, ನಿಜ. ಆದರೆ ನಡುವೆ 17 ವರ್ಷ ಹೋಯಿತು. 2007ರಲ್ಲಿ ಹುಟ್ಟಿದ ಮಗು ಪಿಯುಸಿ ಮುಗಿಸುವ ಹೊತ್ತು! ಊರಿನ ಸುತ್ತ ಬರಬೇಕಾದ ಪೆರಿಫೆರಲ್ ರಿಂಗ್ ರಸ್ತೆಗೆ ಜಮೀನು ಗುರುತಿಸಿ ಅಧಿಸೂಚನೆ ಹೊರಡಿಸಿದ್ದು ಸುಮಾರು 20 ವರ್ಷದ ಹಿಂದೆ. ಅದರ ಹೆಸರು ಬದಲಾಯಿತು, ರಸ್ತೆಯಲ್ಲಿ ವಾಹನ ಓಡಿಲ್ಲ. ಉಪನಗರ ರೈಲಿಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು 2020ರಲ್ಲಿ. 148 ಕಿಲೋಮೀಟರ್, ನಾಲ್ಕು ಮಾರ್ಗ. 2022ರ ಜೂನ್‌ನಲ್ಲಿ ಶಂಕುಸ್ಥಾಪನೆ ಆದಾಗ 40 ತಿಂಗಳಲ್ಲಿ ಮುಗಿಸುತ್ತೇವೆ ಅಂದಿದ್ದರು. ಆ 40 ತಿಂಗಳು ಮುಗಿದುಹೋಗಿವೆ.

ಮೆಟ್ರೊ ವಿಷಯದಲ್ಲಿ ಇನ್ನೂ ಸೂಕ್ಷ್ಮವಾಗಿ ನೋಡಬೇಕು. ವೈಟ್‌ಫೀಲ್ಡ್ ಕಡೆಯ ಮಾರ್ಗ 2023ರ ಮಾರ್ಚ್‌ನಲ್ಲಿ ಶುರುವಾಯಿತು. ಆದರೆ ಬೈಯಪ್ಪನಹಳ್ಳಿ ಮತ್ತು ಕೆ.ಆರ್. ಪುರದ ನಡುವಿನ ಎರಡು ಕಿಲೋಮೀಟರ್ ಕೂಡಿರಲಿಲ್ಲ. ಅಷ್ಟಕ್ಕಾಗಿ ಜನ ಇಳಿದು ಬಸ್ಸು ಹತ್ತಬೇಕಿತ್ತು. ಅಕ್ಟೋಬರ್‌ವರೆಗೆ ಹೀಗೇ. ಬೊಮ್ಮಸಂದ್ರದ ಹಳದಿ ಮಾರ್ಗದಲ್ಲಿ ಕಂಬ, ಹಳಿ, ನಿಲ್ದಾಣ ಎಲ್ಲ ನಿಂತಿದ್ದವು. ರೈಲು ಇರಲಿಲ್ಲ. 2025ರ ಆಗಸ್ಟ್‌ನಲ್ಲಿ ಶುರುವಾದಾಗ ಮೂರೇ ರೈಲು, 25 ನಿಮಿಷಕ್ಕೊಂದು. ಅಂದರೆ ಕಂಬ ಎದ್ದಿದೆ ಅಂದ ಮಾತ್ರಕ್ಕೆ ‘ಬಂದಿದೆ’ ಪಟ್ಟಿಗೆ ಸೇರಿಸಬೇಡಿ. ನೀವೇ ಟೋಕನ್ ತೆಗೆದುಕೊಂಡು ಬೆಳಗ್ಗೆ ಎಂಟೂವರೆಗೆ ಆ ನಿಲ್ದಾಣದಿಂದ ಆಫೀಸಿಗೆ ಹೋಗಿ ನೋಡಿ. ತಲಘಟ್ಟಪುರದಲ್ಲಿ 2021ರ ಜನವರಿಯಿಂದ ರೈಲು ನಿಲ್ಲುತ್ತಿದೆ. ಅದು ಬಂದಿದೆ. ಹೆಬ್ಬಾಳದಿಂದ ಸರ್ಜಾಪುರದ ಮಾರ್ಗಕ್ಕೆ ರಾಜ್ಯ ಸಂಪುಟ ಒಪ್ಪಿದ್ದು 2024ರ ಡಿಸೆಂಬರ್‌ನಲ್ಲಿ. ಅದು ಬರುತ್ತೆ. ನನ್ನ ತಂಗಿ ಮಗನ ಎರಡು ಬ್ರೋಷರ್‌ನಲ್ಲೂ ಮೆಟ್ರೊ ಚಿತ್ರ ಮಾತ್ರ ಒಂದೇ ಥರ ಇತ್ತು.

ಈಗ ನನಗೆ ಬಹಳ ಮುಖ್ಯ ಅನಿಸುವ ವಿಷಯಕ್ಕೆ ಬರುತ್ತೇನೆ. ನೀರು. ಬೇಸಿಗೆಯಲ್ಲಿ ಇಲ್ಲದ ನೀರು, ಮಳೆಗಾಲದಲ್ಲಿ ಬೇಡದ ನೀರು, ಎರಡೂ.

ಬೆಂಗಳೂರು ಎತ್ತರದ ದಿಣ್ಣೆ ಮೇಲಿನ ಊರು. ಇಲ್ಲಿ ಬಿದ್ದ ಮಳೆ ಮೂರು ದೊಡ್ಡ ಕಣಿವೆಗಳಲ್ಲಿ ಇಳಿಯುತ್ತದೆ. ವೃಷಭಾವತಿ, ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ. ನಮ್ಮ ಹಿರಿಯರು ಈ ಇಳಿಜಾರಿಗೆ ಸರಪಳಿಯಂತೆ ಕೆರೆ ಕಟ್ಟಿದ್ದರು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ. ಬೆಳ್ಳಂದೂರು ತುಂಬಿದರೆ ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ. ನಡುವಿನ ರಾಜಕಾಲುವೆ ಮುಚ್ಚಿದರೂ ನೀರಿಗೆ ತನ್ನ ದಾರಿ ನೆನಪಿರುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಯಮಲೂರು, ಬೆಳ್ಳಂದೂರು, ಸರ್ಜಾಪುರ ರಸ್ತೆಯಲ್ಲಿ ಟ್ರಾಕ್ಟರ್ ಮೇಲೆ ಕೂತು ಜನ ಆಫೀಸಿಗೆ ಹೋದದ್ದನ್ನು ನೀವೆಲ್ಲ ಟಿವಿಯಲ್ಲಿ ನೋಡಿದ್ದೀರಿ. ಕೋಟಿ ಕೋಟಿ ಬೆಲೆಯ ವಿಲ್ಲಾಗಳ ಒಳಗೂ ನೀರು ನುಗ್ಗಿತ್ತು.

ಹಾಗಾದರೆ ಹೊಸ ಬಡಾವಣೆಯಲ್ಲಿ ಇದನ್ನು ಪತ್ತೆ ಮಾಡುವುದು ಹೇಗೆ? ಮೊದಲು ಆ ಬಡಾವಣೆ ಹುಟ್ಟಿದ ಹಳೇ ಊರಿಗೆ ಹೋಗಿ. ಗ್ರಾಮಠಾಣ ಅನ್ನುತ್ತಾರಲ್ಲ, ಅಲ್ಲಿಗೆ. ದೇವಸ್ಥಾನ, ಅರಳಿಕಟ್ಟೆ, ಹಳೇ ಮನೆಗಳು ಸಾಮಾನ್ಯವಾಗಿ ಎತ್ತರದ ಜಾಗದಲ್ಲಿರುತ್ತವೆ. ಹಿಂದಿನವರು ಮನೆಯನ್ನು ದಿಬ್ಬದ ಮೇಲೆ ಕಟ್ಟಿದರು, ಭತ್ತವನ್ನು ಕೆರೆ ಏರಿಯ ಕೆಳಗೆ ಬೆಳೆದರು. ಅರಳಿಕಟ್ಟೆಯಲ್ಲಿ ನಿಂತು ನಿಮ್ಮ ಲೇಔಟ್ ಯಾವ ಕಡೆ ಇದೆ ಅಂತ ನೋಡಿ. ಏರಿಯ ಕೆಳಗಿನ ಗದ್ದೆಯಲ್ಲಿದ್ದರೆ ಎಚ್ಚರ. ಆ ಕಟ್ಟೆ ಮೇಲೆ ಕೂತಿರುವ ಅಜ್ಜನನ್ನು ಮಾತಾಡಿಸಿ. ‘ಕೆರೆ ಕೋಡಿ ಬಿದ್ದರೆ ನೀರು ಯಾವ ಕಡೆ ಹೋಗ್ತಿತ್ತು ತಾತ?’ ಅಂತ ಕೇಳಿ. ಅವರು ಕೈ ತೋರಿಸಿ ಹೇಳುತ್ತಾರೆ. ಬಿಲ್ಡರ್ ಆಫೀಸಿನಲ್ಲಿ ಈ ಮಾಹಿತಿ ಸಿಗುವುದಿಲ್ಲ. ಊರಿನ ಹೆಸರೂ ಸುಮ್ನೆ ಬಂದಿರುವುದಿಲ್ಲ. ಕೋಡಿ, ಹಳ್ಳ, ಕೆರೆ ಅಂತ ಹೆಸರಿನಲ್ಲೇ ಇದ್ದರೆ ಎರಡು ಸಲ ವಿಚಾರಿಸಿ.

ಆಮೇಲೆ ಸರ್ವೆ ನಂಬರ್ ಕೇಳಿ. ಅದರ ಹಳೇ ಪಹಣಿ, ಅಂದರೆ ಜಮೀನಿನ ಸರ್ಕಾರಿ ದಾಖಲೆ, ತೆಗೆಸಿ. ಖುಷ್ಕಿ ಅಂತಿದ್ದರೆ ಒಣ ಹೊಲ. ತರಿ ಅಂತಿದ್ದರೆ ನೀರು ನಿಲ್ಲುತ್ತಿದ್ದ ಗದ್ದೆ. ಒಂದೇ ಪದ, ಆದರೆ ನಿಮ್ಮ ಬೇಸ್‌ಮೆಂಟ್ ಪಾರ್ಕಿಂಗ್‌ನ ಮುಂದಿನ ಹಣೆಬರಹ ಅದರಲ್ಲಿದೆ. ಅದೇ ಪಹಣಿಯಲ್ಲಿ ಖರಾಬು, ಅಂದರೆ ಸಾಗುವಳಿಗೆ ಸೇರದ ಜಾಗ, ಎಷ್ಟು ಅಂತಲೂ ಇರುತ್ತದೆ. ಬಿ ಖರಾಬು ಅಂದರೆ ಸಾರ್ವಜನಿಕರಿಗೆ ಸೇರಿದ್ದು. ದಾರಿ, ಹಳ್ಳ ಇಂಥವು. ಅದರ ಮೇಲೆ ಕಟ್ಟಡ ಬಂದಿದೆಯಾ ಅಂತ ನೋಡಲು ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ಇದೆ. ಜಾಗದಲ್ಲಿ ನಿಂತು ತೆರೆದರೆ ನೀವು ನಿಂತಿರುವ ಸರ್ವೆ ನಂಬರ್ ತೋರಿಸುತ್ತದೆ. ಹುಡುಗರಿಗೆ ಐದು ನಿಮಿಷದ ಕೆಲಸ.

ಇನ್ನು ಬೇಸಿಗೆ. 2024ರ ಮಾರ್ಚ್ ನೆನಪಿದೆಯಲ್ವಾ? ಬೋರ್‌ವೆಲ್‌ಗಳು ಬತ್ತಿ, ಕೊನೆಗೆ ಜಿಲ್ಲಾಡಳಿತವೇ ಟ್ಯಾಂಕರ್ ರೇಟು ನಿಗದಿ ಮಾಡಬೇಕಾಯಿತು. ಐದು ಕಿಲೋಮೀಟರ್ ಒಳಗೆ 12 ಸಾವಿರ ಲೀಟರಿಗೆ 1000 ರೂಪಾಯಿ. ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂತ ಲೆಕ್ಕ ಹಿಡಿದರೆ ನಾಲ್ಕು ಜನರ ಮನೆಗೆ ತಿಂಗಳಿಗೆ 16 ಸಾವಿರ ಲೀಟರ್ ಬೇಕು. ದುಡ್ಡು ಹೇಗೋ ಕೊಡಬಹುದು. ಆದರೆ ಟ್ಯಾಂಕರ್ ಬರುತ್ತೋ ಇಲ್ಲವೋ ಅಂತ ಬೆಳಗ್ಗೆ ಐದಕ್ಕೆ ಎದ್ದು ಕಾಯುವುದಿದೆಯಲ್ಲ, ಅದನ್ನು ನಾನು ಅನುಭವಿಸಿದ್ದೇನೆ. ನಿಮಗೆ ಅದು ಬೇಡ. ನೀವು ನೋಡಿದ ಅಪಾರ್ಟ್‌ಮೆಂಟಿನ ಸಂಘದವರ ಹತ್ತಿರ 2024ರ ಮಾರ್ಚ್, ಏಪ್ರಿಲ್ ತಿಂಗಳ ನೀರಿನ ಖರ್ಚು ಕೇಳಿ. ಲೆಕ್ಕ ಇಟ್ಟಿರುತ್ತಾರೆ. ಕಾವೇರಿ ಸಂಪರ್ಕ ಇದೆ ಅಂದರೆ ಬಿಲ್ ತೋರಿಸಲು ಹೇಳಿ. ಪೈಪ್ ಹಾಕಿರುವುದು ಬೇರೆ, ಅದರಲ್ಲಿ ನೀರು ಬರುವುದು ಬೇರೆ.

ಮುಂದಿನದು ದೀಪ. ನನ್ನ ಅತ್ತೆಯ ಕಥೆ ಹೇಳಿದೆನಲ್ಲ. ಅದಾದ ಮೇಲೆ ಸಾಲ ಕೇಳಲು ಬಂದವರಿಗೆಲ್ಲ ಇದನ್ನು ಹೇಳುತ್ತಿದ್ದೆ. ರಾತ್ರಿ ಎಂಟೂವರೆಗೆ ಹೋಗಿ ರಸ್ತೆಯಲ್ಲಿ ನಿಂತು ಎಷ್ಟು ಮನೆಯಲ್ಲಿ ದೀಪ ಇದೆ ಅಂತ ಎಣಿಸಿ. ಬೆಳಗ್ಗೆ ಹೋದರೆ ಬಾಲ್ಕನಿಯಲ್ಲಿ ಒಣಗುತ್ತಿರುವ ಬಟ್ಟೆ ಎಣಿಸಿ. ಹೂವು ಮಾರುವವರು, ಸೊಪ್ಪಿನ ಗಾಡಿ, ಇಸ್ತ್ರಿ ಅಂಗಡಿ ಇದ್ದರೆ ಅಲ್ಲಿ ಜನ ಬದುಕುತ್ತಿದ್ದಾರೆ ಅಂತ ಅರ್ಥ. ಜನ ಬದುಕುತ್ತಿರುವ ಏರಿಯಾ ಡಲ್ ಮಾರ್ಕೆಟ್‌ನಲ್ಲೂ ಗಟ್ಟಿಯಾಗಿ ನಿಲ್ಲುತ್ತದೆ. ಯಾಕೆಂದರೆ ಅವರಿಗೆ ಮಾರುವ ಅವಸರ ಇರುವುದಿಲ್ಲ. ಲಾಭಕ್ಕೆಂದು ಕೊಂಡು ಬೀಗ ಹಾಕಿದವರ ಏರಿಯಾದಲ್ಲಿ ಒಬ್ಬ ಹೆದರಿ ಮಾರಿದರೆ ಹತ್ತು ಜನ ಹಿಂದೆಯೇ ಬರುತ್ತಾರೆ. ಒಂದೇ ಕಂಪನಿ, ಒಂದೇ ಕೆಲಸದವರೇ ತುಂಬಿರುವ ಕಡೆಗೂ ಇದೇ ಮಾತು. 2025ರ ಜುಲೈನಲ್ಲಿ ಟಿಸಿಎಸ್ ಸುಮಾರು 12 ಸಾವಿರ ಜನರನ್ನು ಕಡಿಮೆ ಮಾಡುತ್ತೇವೆ ಅಂದಾಗ ಎಷ್ಟು ಮನೆಗಳಲ್ಲಿ ಆ ರಾತ್ರಿ ಕಂತಿನ ಮಾತು ಬಂದಿರಬಹುದು, ಯೋಚಿಸಿ. ಟೀಚರ್, ಅಂಗಡಿಯವರು, ಸರ್ಕಾರಿ ನೌಕರರು, ಐಟಿಯವರು ಎಲ್ಲ ಬೆರೆತಿರುವ ಕಡೆ ಒಬ್ಬರ ಕಷ್ಟ ಇಡೀ ಬೀದಿಯ ಕಷ್ಟ ಆಗುವುದಿಲ್ಲ.

ಬ್ಯಾಂಕಿನವಳಾಗಿ ಇನ್ನೊಂದು ದಾರಿ ಹೇಳುತ್ತೇನೆ. ಕಂತು ಕಟ್ಟದ ಮನೆಗಳನ್ನು ಬ್ಯಾಂಕುಗಳು 2002ರ ಸರ್ಫೇಸಿ ಕಾಯ್ದೆಯ ಕೆಳಗೆ ವಶಕ್ಕೆ ತೆಗೆದುಕೊಳ್ಳುತ್ತವೆ. ಆ ಸ್ವಾಧೀನದ ಸೂಚನೆಯನ್ನು ಎರಡು ಪತ್ರಿಕೆಗಳಲ್ಲಿ ಹಾಕಬೇಕು, ಅದರಲ್ಲಿ ಒಂದು ಸ್ಥಳೀಯ ಭಾಷೆಯದಾಗಿರಬೇಕು. ಅಂದರೆ ಕನ್ನಡ ಪತ್ರಿಕೆಯಲ್ಲಿ ಬಂದೇ ಬರುತ್ತದೆ. ಸಣ್ಣ ಅಕ್ಷರ, ಯಾರೂ ಓದುವುದಿಲ್ಲ. ನೀವು ಆರು ತಿಂಗಳು ಓದಿ. ಒಂದೇ ಬಡಾವಣೆಯ ಹೆಸರು ಪದೇ ಪದೇ ಬಂದರೆ ಅಲ್ಲಿ ಏನೋ ಸರಿ ಇಲ್ಲ. ಅದರ ಜೊತೆಗೆ ಬಾಡಿಗೆ ವಿಚಾರಿಸಿ. ಮಾರುವ ರೇಟನ್ನು ಯಾರು ಎಷ್ಟು ಬೇಕಾದರೂ ಹೇಳಬಹುದು. ಬಾಡಿಗೆಯನ್ನು ಪ್ರತಿ ತಿಂಗಳು ಯಾರೋ ಜೇಬಿನಿಂದ ತೆಗೆದು ಕೊಡುತ್ತಿರುತ್ತಾರೆ. ಮೂರು ವರ್ಷದಿಂದ ಬಾಡಿಗೆ ಏರಿದೆ, ಮಾರುವ ರೇಟು ಮಾತ್ರ ನಿಂತಿದೆ ಅಂದರೆ ಆ ಏರಿಯಾ ಚೆನ್ನಾಗಿದೆ.

ದುಡ್ಡಿನ ಲೆಕ್ಕ ಬೇಗ ಮುಗಿಸುತ್ತೇನೆ. 80 ಲಕ್ಷಕ್ಕೆ ಮಾತಾಯಿತು ಅಂತಿಟ್ಟುಕೊಳ್ಳಿ. 30ರಿಂದ 75 ಲಕ್ಷದ ಸಾಲಕ್ಕೆ ಬ್ಯಾಂಕು ಮನೆ ಬೆಲೆಯ 80 ಪರ್ಸೆಂಟ್‌ವರೆಗೆ ಕೊಡಬಹುದು, ಅಂದರೆ 64 ಲಕ್ಷ. ಆದರೆ ಇಳಿಯುವ ಮಾರ್ಕೆಟ್‌ನಲ್ಲಿ ಬ್ಯಾಂಕಿನ ವ್ಯಾಲ್ಯುವರ್ ಬಂದು ‘ಇದು 72 ಲಕ್ಷದ್ದು’ ಅಂದರೆ ನಿಮಗೆ ಸಿಗುವುದು 57 ಲಕ್ಷದ 60 ಸಾವಿರ. ನೀವು ಮೊದಲೇ ಹಾಕಬೇಕಿದ್ದ 16 ಲಕ್ಷದ ಜೊತೆಗೆ ಇನ್ನೂ 6 ಲಕ್ಷದ 40 ಸಾವಿರ ನಿಮ್ಮ ಕೈಯಿಂದ. ಇದರ ಮೇಲೆ ಸ್ಟಾಂಪ್ ಡ್ಯೂಟಿ ಮತ್ತು ರಿಜಿಸ್ಟ್ರೇಷನ್. ರಿಜಿಸ್ಟ್ರೇಷನ್ ಶುಲ್ಕ 2025ರ ಆಗಸ್ಟ್ 31ರಿಂದ 1 ಪರ್ಸೆಂಟ್ ಇದ್ದದ್ದು 2 ಆಗಿದೆ. ಒಟ್ಟು ಸುಮಾರು 6 ಲಕ್ಷ ಆಗುತ್ತದೆ. ಅದಕ್ಕೆ ಸಾಲ ಸಿಗುವುದಿಲ್ಲ. ಹಾಗಾಗಿ ಅಡ್ವಾನ್ಸ್ ಕೊಡುವ ಮೊದಲೇ ಬ್ಯಾಂಕಿನವರನ್ನು ಕೇಳಿ. ವ್ಯಾಲ್ಯುವರ್ ಕಡಿಮೆ ಹೇಳಿದರೆ ಬೇಜಾರಾಗಬೇಡಿ. ಬಿಲ್ಡರ್ ಮುಂದೆ ಚೌಕಾಸಿ ಮಾಡಲು ಅದಕ್ಕಿಂತ ಒಳ್ಳೇ ಕಾಗದ ಇನ್ನೊಂದಿಲ್ಲ.

ಪಾಯದ ಹಂತದ ಮನೆಯ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಡಲ್ ಮಾರ್ಕೆಟ್‌ನಲ್ಲಿ ಬೇಡ. ಮಾರಾಟ ನಿಂತರೆ ಬಿಲ್ಡರ್ ಕೈಗೆ ದುಡ್ಡು ಬರುವುದಿಲ್ಲ, ಕೆಲಸ ನಿಲ್ಲುತ್ತದೆ. ನೋಯ್ಡಾ ಕಡೆ ಆಮ್ರಪಾಲಿ ಅನ್ನುವ ಬಿಲ್ಡರ್ ಕಂಪನಿಯ ಯೋಜನೆಗಳಲ್ಲಿ ಸಾವಿರಾರು ಕುಟುಂಬಗಳು ಸಿಕ್ಕಿಬಿದ್ದು, ಕೊನೆಗೆ 2019ರಲ್ಲಿ ಸುಪ್ರೀಂ ಕೋರ್ಟು ಕಟ್ಟಿ ಮುಗಿಸುವ ಕೆಲಸವನ್ನು ಸರ್ಕಾರಿ ಕಂಪನಿಯಾದ ಎನ್‌ಬಿಸಿಸಿಗೆ ಒಪ್ಪಿಸಬೇಕಾಯಿತು. ಅಷ್ಟೂ ವರ್ಷ ಆ ಜನ ಬಾಡಿಗೆಯನ್ನೂ ಕಟ್ಟಿದರು, ಕಂತನ್ನೂ ಕಟ್ಟಿದರು. ರೇರಾ, ಅಂದರೆ ಮನೆ ಕೊಳ್ಳುವವರನ್ನು ಕಾಯುವ ರಿಯಲ್ ಎಸ್ಟೇಟ್ ಕಾಯ್ದೆ, ಬಂದ ಮೇಲೆ ನಿಮ್ಮ ದುಡ್ಡಿನ 70 ಪರ್ಸೆಂಟನ್ನು ಬೇರೆ ಖಾತೆಯಲ್ಲಿ ಇಟ್ಟು ಅದೇ ಯೋಜನೆಗೆ ಬಳಸಬೇಕು ಅನ್ನುವ ನಿಯಮ ಇದೆ. ಮೂರು ತಿಂಗಳಿಗೊಮ್ಮೆ ಕೆಲಸದ ವರದಿ ವೆಬ್‌ಸೈಟಿನಲ್ಲಿ ಹಾಕಬೇಕು. ನೋಡಿ. ಆದರೂ ಓಸಿ (ಕಟ್ಟಡ ಮುಗಿದಿದೆ, ವಾಸ ಮಾಡಬಹುದು ಅನ್ನುವ ಪ್ರಮಾಣಪತ್ರ) ಸಿಕ್ಕಿರುವ, ಜನ ವಾಸವಾಗಿರುವ ಮನೆ ಡಲ್ ಹೊತ್ತಿನಲ್ಲಿ ಸಿಗುತ್ತಿರುವಾಗ ಪಾಯ ಯಾಕೆ? ಓಸಿ ಆದ ಮನೆಗೆ ಜಿಎಸ್‌ಟಿ ಕೂಡ ಇಲ್ಲ. ಖಾತೆ, ಅಂದರೆ ಪಾಲಿಕೆಯ ಆಸ್ತಿ ದಾಖಲೆಯ ವಿಷಯದಲ್ಲೂ ಅಷ್ಟೇ. ಎಲ್ಲ ಸಕ್ರಮವಾಗಿರುವ ಆಸ್ತಿಗೆ ಸಿಗುವುದು ಎ ಖಾತೆ. ‘ಎ ಖಾತೆ ಆಗುತ್ತೆ’ ಅಂದರೆ ಆದ ಮೇಲೆ ಬರುತ್ತೇವೆ ಅನ್ನಿ. ಮಿಕ್ಕ ಕಾಗದಗಳಿಗೆ ಒಳ್ಳೇ ವಕೀಲರನ್ನು ಹಿಡಿಯಿರಿ. ಆ ಫೀಸಿನಲ್ಲಿ ಉಳಿತಾಯ ಮಾಡಬೇಡಿ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗಿ ಕೇಳಿದಳು: ‘ಮೇಡಂ, ರೇಟು ಇನ್ನೂ ಬೀಳುತ್ತಾ? ಕಾಯಬೇಕಾ?’

ಕೆಳಗಿನ ತುದಿ ಯಾವುದು ಅಂತ ಮೊದಲೇ ಹೇಳಿದವರನ್ನು ನಾನು ನೋಡಿಲ್ಲ ಮಗು. ನಿನ್ನ ಮನೆ, ನಿನ್ನ ಕಂತು, ಅದನ್ನು ನೋಡು. ಹತ್ತು ವರ್ಷ ಆ ಏರಿಯಾದಲ್ಲಿ ಇರಲು ಮನಸ್ಸಿದೆಯಾ? ಆರು ತಿಂಗಳ ಕಂತು ಕೈಯಲ್ಲಿ ಉಳಿಯುತ್ತದಾ? ಎರಡಕ್ಕೂ ಹೌದು ಅಂದರೆ ಇನ್ನೂ ಎರಡು ಲಕ್ಷ ಬೀಳಬಹುದು ಅಂತ ಕಾಯಬೇಡ. ಇಲ್ಲ ಅಂದರೆ ಎಷ್ಟೇ ಬಿದ್ದರೂ ಕೊಳ್ಳಬೇಡ, ಬಾಡಿಗೆ ಮನೆಯಲ್ಲೇ ಇರು. ಅದರಲ್ಲಿ ಅವಮಾನ ಏನೂ ಇಲ್ಲ.

ಇನ್ನೊಬ್ಬರು ದೂರದ ಬಗ್ಗೆ ಕೇಳಿದರು. ಊರಾಚೆ ಹೋದರೆ 15 ಲಕ್ಷ ಉಳಿಯುತ್ತದಂತೆ. ಆದರೆ ಆಫೀಸಿಗೆ ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ ಜಾಸ್ತಿ. ತಿಂಗಳಿಗೆ 22 ದಿನ ಅಂದರೂ ವರ್ಷಕ್ಕೆ 500 ಗಂಟೆ ದಾಟುತ್ತದೆ. ಹಗಲು ರಾತ್ರಿ ಸೇರಿಸಿ 22 ದಿನ ರಸ್ತೆಯಲ್ಲೇ ಕಳೆದ ಹಾಗೆ. ‘ಮಗುವಿಗೆ ಈಗ ಎಷ್ಟು ವರ್ಷ?’ ಅಂದೆ. ಮೂರು ಅಂದರು. ಆ ವಯಸ್ಸಿನ ಮಗು ರಾತ್ರಿ ಎಂಟೂವರೆಗೆ ಮಲಗುತ್ತದೆ. ನೀವು ಮನೆ ಸೇರುವುದು ಎಷ್ಟಕ್ಕೆ ಅಂತ ಲೆಕ್ಕ ಹಾಕಿ ನೋಡಿ ಅಂದೆ. ಅವರು ಹೆಂಡತಿಯ ಮುಖ ನೋಡಿದರು.

ನನ್ನ ತಂಗಿ ಮಗ ದೇವನಹಳ್ಳಿಯ ಪಾಯದ ಮನೆ ಬಿಟ್ಟ. ಸರ್ಜಾಪುರದ ಆಚೆಯದರ ಹಳೇ ಪಹಣಿ ತೆಗೆಸಿದ. ತರಿ ಅಂತಿತ್ತು. ಉಳಿದದ್ದು ಒಂದು. ಮೊನ್ನೆ ರಾತ್ರಿ ಊಟಕ್ಕೆ ಕೂತಿದ್ದೆ, ಸೊಸೆ ತಲಘಟ್ಟಪುರದಿಂದಲೇ ಫೋನ್ ಮಾಡಿದಳು. ಹಿಂದೆ ಮಕ್ಕಳು ಆಡುವ ಸದ್ದು ಕೇಳುತ್ತಿತ್ತು.

‘ದೊಡ್ಡಮ್ಮ, 48 ಮನೆಯಲ್ಲಿ 39ರಲ್ಲಿ ದೀಪ ಇದೆ. ಇವರು ಇನ್ನೊಂದು ಸಲ ಎಣಿಸ್ತಿದ್ದಾರೆ. ಇನ್ನು ಒಂದು ಜೋರು ಮಳೆ ಬರಬೇಕು, ಅವತ್ತು ಮತ್ತೆ ಬರ್ತೀವಿ. ನೀವೂ ಬರ್ತೀರಾ?’

ಛತ್ರಿ ತಗೊಂಡು ಬರ್ತೀನಿ ಅಂದೆ.